ಪ್ರಥಮ ಪಿಯುಸಿ: ಯಾರ ಲೆಕ್ಕಕ್ಕೂ ಸಿಗದ ವರ್ಷ

ಮೇ ತಿಂಗಳು ಬಂತೆಂದರೆ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲದ ವೃತ್ತಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ. ಶೇಕಡಾ 95, ಶೇಕಡಾ 97 ಎಂಬ ಅಂಕೆಗಳ ಪಕ್ಕದಲ್ಲಿ ಮಕ್ಕಳ ಪುಟ್ಟ ಫೋಟೋಗಳು ಮತ್ತು ಅವಕ್ಕಿಂತ ದೊಡ್ಡದಾದ ಸಂಸ್ಥೆಯ ಅಧ್ಯಕ್ಷರ ಫೋಟೋ ಇರುತ್ತವೆ. ಅದರ ಬೆನ್ನಿಗೇ ಶಾದಿ ಮಹಲ್‌ಗಳಲ್ಲಿ, ಸಮುದಾಯ ಭವನಗಳಲ್ಲಿ ಪ್ರತಿಭಾ ಪುರಸ್ಕಾರ. ಆಮಂತ್ರಣ ಪತ್ರಿಕೆಯ ಕೆಳಗೆ 'ಹಾಗೂ ವೃತ್ತಿ ಮಾರ್ಗದರ್ಶನ ಶಿಬಿರ' ಎಂಬ ಸಾಲೊಂದು ಸೇರಿಕೊಂಡಿರುತ್ತದೆ. ಶಾಲು, ಟ್ರೋಫಿ, ಭಾಷಣ, ಊಟ. ಮಕ್ಕಳು ಮನೆಗೆ ಹೋಗುತ್ತಾರೆ. ಮುಂದಿನ ಮೇ ತಿಂಗಳವರೆಗೆ ಈ ವಿಷಯವನ್ನು ಯಾರೂ ಎತ್ತುವುದಿಲ್ಲ.

ಈ ಶಿಬಿರಗಳ ಬಗ್ಗೆ ಯಾರೂ ವಿಮರ್ಶೆ ಬರೆಯುವುದಿಲ್ಲ. ಒಂದು ಕಥಾಸಂಕಲನ ಬಂದರೆ ಹತ್ತು ಜನ ಬರೆಯುತ್ತಾರೆ, ಒಂದು ಸಿನಿಮಾ ಬಂದರೆ ನೂರು ಜನ ಬರೆಯುತ್ತಾರೆ. ಆದರೆ ಸಾವಿರಾರು ಹದಿಹರೆಯದ ಮಕ್ಕಳ ಮುಂದೆ ಪ್ರತಿ ವರ್ಷ ಅದೇ ಧಾಟಿಯಲ್ಲಿ ನಡೆಯುವ ಈ ಪ್ರದರ್ಶನಕ್ಕೆ ವಿಮರ್ಶಕರಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡುವ ಕೆಲಸವನ್ನು ಟೀಕಿಸಬಾರದು ಎಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಉದ್ದೇಶದ ಬಗ್ಗೆ ಇಲ್ಲಿಯೂ ತಕರಾರಿಲ್ಲ. ತಕರಾರು ಇರುವುದು ಮೂರು ಸಂಗತಿಗಳ ಬಗ್ಗೆ: ಈ ಮಾರ್ಗದರ್ಶನ ಯಾವಾಗ ನಡೆಯುತ್ತದೆ, ಯಾರನ್ನು ಉದ್ದೇಶಿಸಿ ನಡೆಯುತ್ತದೆ, ಮತ್ತು ಏನನ್ನು ಹೇಳುತ್ತದೆ.

ಮೊದಲು ಕಾಲದ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಹತ್ತನೆಯ ತರಗತಿಗೆ ಮಂಡಳಿಯ ಪರೀಕ್ಷೆ ಇದೆ. ದ್ವಿತೀಯ ಪಿಯುಸಿಗೂ ಮಂಡಳಿಯ ಪರೀಕ್ಷೆ ಇದೆ. ಎರಡರ ಫಲಿತಾಂಶವೂ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತದೆ. ಜಿಲ್ಲೆಗಳ ಸ್ಥಾನಮಾನ ಚರ್ಚೆಯಾಗುತ್ತದೆ. ಜಿಲ್ಲಾಧಿಕಾರಿಗಳು ಸಭೆ ಕರೆಯುತ್ತಾರೆ. ಇವೆರಡರ ನಡುವೆ ಸಿಕ್ಕಿಕೊಂಡಿರುವ ವರ್ಷ ಪ್ರಥಮ ಪಿಯುಸಿ. ಅದರ ಫಲಿತಾಂಶ ಯಾವ ಮುಖಪುಟದಲ್ಲೂ ಬರುವುದಿಲ್ಲ, ಅದಕ್ಕೆ ಫ್ಲೆಕ್ಸ್ ಇಲ್ಲ, ಸನ್ಮಾನವೂ ಇಲ್ಲ. ಹತ್ತನೆಯ ತರಗತಿಯ ಒತ್ತಡದಿಂದ ಬಿಡುಗಡೆಯಾದ ಮಗು 'ಈ ವರ್ಷ ಆರಾಮ' ಎಂದುಕೊಳ್ಳುತ್ತದೆ. ಮನೆಯವರೂ ಹಾಗೆಯೇ ಅಂದುಕೊಳ್ಳುತ್ತಾರೆ. ಎಷ್ಟೋ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಬಂದು ಸೇರುವ ಹೊತ್ತಿಗೆ ಮಳೆಗಾಲ ಅರ್ಧ ಕಳೆದಿರುತ್ತದೆ.

ಆದರೆ ಮುಂದಿನ ಬಾಗಿಲು ತೆರೆಯುವುದೋ ಮುಚ್ಚುವುದೋ ಈ ವರ್ಷದಲ್ಲಿಯೇ. ಸಿಇಟಿಯಾಗಲಿ ನೀಟ್ ಆಗಲಿ ಎರಡೂ ವರ್ಷಗಳ ಪಠ್ಯದಿಂದ ಪ್ರಶ್ನೆ ಕೇಳುತ್ತವೆ. ಚಲನೆಯ ನಿಯಮಗಳು, ಉಷ್ಣಬಲವಿಜ್ಞಾನ, ತ್ರಿಕೋನಮಿತಿ ಇವೆಲ್ಲ ಪ್ರಥಮ ಪಿಯುಸಿಯ ಪಾಠಗಳು. ಇವುಗಳ ಮೇಲೆಯೇ ಎರಡನೆಯ ವರ್ಷದ ಕಟ್ಟಡ ನಿಲ್ಲಬೇಕು. ಎಂಜಿನಿಯರಿಂಗ್ ಪ್ರವೇಶದ ರ್‍ಯಾಂಕನ್ನು ಲೆಕ್ಕ ಹಾಕುವಾಗ ಅರ್ಧ ಭಾಗ ದ್ವಿತೀಯ ಪಿಯುಸಿಯ ಅಂಕ, ಇನ್ನರ್ಧ ಸಿಇಟಿಯ ಅಂಕ. ನಗರದ ಕೋಚಿಂಗ್ ಸಂಸ್ಥೆಗಳಿಗೆ ಇದು ಚೆನ್ನಾಗಿ ಗೊತ್ತು. ಅವರು ಮಕ್ಕಳನ್ನು ಪ್ರಥಮ ಪಿಯುಸಿಯ ಮೊದಲ ವಾರದಿಂದಲೇ ಹಿಡಿದು ಕೂರಿಸುತ್ತಾರೆ. ನಮ್ಮ ಮಾರ್ಗದರ್ಶನ ಶಿಬಿರಗಳು ಸಿಇಟಿಯ ಬಗ್ಗೆ ಬಾಯಿ ಬಿಡುವುದು ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ. ಅಷ್ಟು ಹೊತ್ತಿಗೆ ಸಿಇಟಿಯೇ ಮುಗಿದಿರುತ್ತದೆ. ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ನಿಂತು ದಾರಿ ಹೇಳುವ ಕೆಲಸವಿದು.

2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿ ನೆನಪಿರಬಹುದು. ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದವೆಂದು ರಾಜ್ಯದಾದ್ಯಂತ ಕೂಗು ಎದ್ದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ಕೂಗು ನ್ಯಾಯವಾದದ್ದೇ. ಆದರೆ ಪಠ್ಯದಲ್ಲಿದ್ದೂ ತರಗತಿಯಲ್ಲಿ ಪಾಠವೇ ಆಗದ ಪ್ರಶ್ನೆಗಳು ಪ್ರತಿ ವರ್ಷ ಎಷ್ಟೋ ಮಕ್ಕಳ ಮುಂದೆ ಬಂದು ನಿಲ್ಲುತ್ತವೆ. ಅವುಗಳನ್ನು ಕೈಬಿಡಿ ಎಂದು ಕೇಳುವವರು ಯಾರೂ ಇಲ್ಲ.

ಎರಡನೆಯದು, ಈ ಮಾತು ಯಾರಿಗಾಗಿ ಎಂಬ ಪ್ರಶ್ನೆ. ವೇದಿಕೆಗೆ ಕರೆಯಲ್ಪಡುವುದು ಶೇಕಡಾ 85, 90 ದಾಟಿದ ಮಕ್ಕಳು. ಅವರಿಗೆ ಸನ್ಮಾನ ಸಲ್ಲಲಿ, ಬೇಡವೆನ್ನುವುದಿಲ್ಲ. ಆದರೆ ದಾರಿ ತೋರಿಸಬೇಕಾದದ್ದು ದಾರಿ ಕಾಣದವರಿಗೆ ತಾನೆ? ಶೇಕಡಾ 45, 55 ಪಡೆದ ಮಗು ಸಭೆಗೆ ಬರುವುದೇ ಇಲ್ಲ. ಬಂದರೂ ಹಿಂದಿನ ಕುರ್ಚಿಯಲ್ಲಿ ಕೂತು ತನ್ನ ತಮ್ಮನಿಗೋ ಪಕ್ಕದ ಮನೆಯವನಿಗೋ ಚಪ್ಪಾಳೆ ಹೊಡೆದು ಹೋಗುತ್ತದೆ.

ಅಂಕೆಗಳು ಏನು ಹೇಳುತ್ತವೆ ನೋಡೋಣ. 2023ರಲ್ಲಿ ಎಸ್‌ಎಸ್‌ಎಲ್‌ಸಿ ತೇರ್ಗಡೆ ಪ್ರಮಾಣ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಾಗ ಅದು ಶೇ 73.40ಕ್ಕೆ ಇಳಿಯಿತು. ಹಿಂದೆ ಶೇ 10 ಇದ್ದ ಕೃಪಾಂಕವನ್ನು 20ಕ್ಕೆ ಏರಿಸಿದ ಮೇಲೂ ಬಂದ ಫಲಿತಾಂಶವಿದು. ಅಂದರೆ ಇಷ್ಟು ಕಾಲ ನಾವು 'ತಯಾರಿ' ಎಂದು ಕರೆಯುತ್ತಿದ್ದುದರಲ್ಲಿ ಕಲಿಕೆ ಎಷ್ಟಿತ್ತು, ಇತರೆ ಎಷ್ಟಿತ್ತು ಎಂಬುದು ಕ್ಯಾಮೆರಾ ಬಂದ ಕೂಡಲೇ ಬಯಲಾಯಿತು. ಹಾಗೆ ತೇರ್ಗಡೆಯಾದ ಮಕ್ಕಳೇ ಜೂನ್‌ನಲ್ಲಿ ಪ್ರಥಮ ಪಿಯುಸಿಯ ಬೆಂಚಿನ ಮೇಲೆ ಬಂದು ಕೂರುತ್ತಾರೆ. ಅವರಿಗೆ ಎಂಟನೆಯ ತರಗತಿಯ ಗಣಿತ ಬರುತ್ತದೆಯೇ ಎಂದು ನೋಡುವ ವ್ಯವಸ್ಥೆ ಇಲ್ಲ. ಉಪನ್ಯಾಸಕರು ಪಠ್ಯದ ಮೊದಲ ಅಧ್ಯಾಯ ತೆರೆಯುತ್ತಾರೆ, ಅಷ್ಟೆ.

2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ಒಟ್ಟು ಶೇ 73.45 ಮಕ್ಕಳು ತೇರ್ಗಡೆಯಾದರು. ಇದನ್ನು ಬಿಡಿಸಿ ನೋಡಬೇಕು: ವಿಜ್ಞಾನದಲ್ಲಿ ಶೇ 82.45, ವಾಣಿಜ್ಯದಲ್ಲಿ 76.07, ಕಲಾ ವಿಭಾಗದಲ್ಲಿ 53.29. ಕಲಾ ವಿಭಾಗದಲ್ಲಿ ಪರೀಕ್ಷೆ ಬರೆದ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬರು ಮೊದಲ ಪ್ರಯತ್ನದಲ್ಲಿ ಅನುತ್ತೀರ್ಣ. ಕಲಾ ವಿಭಾಗ ಸುಲಭ ಎಂದು ಹೇಳಿ ಮಕ್ಕಳನ್ನು ಅಲ್ಲಿಗೆ ಕಳಿಸಿದವರು ನಾವೇ. 'ನಿನಗೆ ಆರ್ಟ್ಸ್ ಸಾಕು' ಎಂಬ ಮಾತಿನಲ್ಲಿ ಸಲಹೆಗಿಂತ ಹೆಚ್ಚಾಗಿ ಕೈತೊಳೆದುಕೊಳ್ಳುವ ಧ್ವನಿ ಇದೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಓದಿದವರು ಮುಂದೆ ಕಾನೂನು, ಪತ್ರಿಕೋದ್ಯಮ, ಅಧ್ಯಾಪನ, ಆಡಳಿತ ಸೇವೆಗಳಿಗೆ ಹೋಗಬಹುದೆಂದು ಶಿಬಿರದಲ್ಲಿ ಎಷ್ಟು ನಿಮಿಷ ಹೇಳುತ್ತಾರೆ? ವೈದ್ಯ, ಎಂಜಿನಿಯರ್, ಐಎಎಸ್ ಎಂಬ ಮೂರು ಪದಗಳಲ್ಲಿ ಭಾಷಣ ಮುಗಿಯುತ್ತದೆ. ನಮ್ಮ ಮಕ್ಕಳಲ್ಲಿ ಬಹುಪಾಲು ಸೇರುವುದು ಬಿಎ, ಬಿಕಾಂ, ಬಿಎಸ್‌ಸಿಗೆ. 2021–22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಈ ಗೊಂದಲದಲ್ಲಿ ಸಿಕ್ಕಿದವರು ಈ ಮಕ್ಕಳೇ. ಇದನ್ನು ಅವರಿಗೆ ಬಿಡಿಸಿ ಹೇಳುವುದು ಮಾರ್ಗದರ್ಶನವಲ್ಲದಿದ್ದರೆ ಮತ್ತೆ ಯಾವುದು?

ಮೂರನೆಯದು, ಏನನ್ನು ಹೇಳಬೇಕೋ ಅದನ್ನು ಹೇಳದೇ ಇರುವುದು. ಭಾಷಣಕಾರರು ಛಲದ ಬಗ್ಗೆ ಹೇಳುತ್ತಾರೆ, ಕನಸಿನ ಬಗ್ಗೆ ಹೇಳುತ್ತಾರೆ, ಬೀದಿದೀಪದ ಕೆಳಗೆ ಓದಿದ ಮಹನೀಯರ ಬಗ್ಗೆ ಹೇಳುತ್ತಾರೆ. ಪ್ರಥಮ ಪಿಯುಸಿ ವಿಜ್ಞಾನ ತರಗತಿಯಲ್ಲಿ ಕೂತ ಕನ್ನಡ ಮಾಧ್ಯಮದ, ಉರ್ದು ಮಾಧ್ಯಮದ ಮಗುವಿಗೆ ಛಲದ ಕೊರತೆ ಇರುವುದಿಲ್ಲ. ಅದಕ್ಕೆ ಕೊರತೆಯಾಗಿರುವುದು ಪದಗಳು. ಹತ್ತು ವರ್ಷ ಒಂದು ಭಾಷೆಯಲ್ಲಿ ಕಲಿತ ವಿಜ್ಞಾನವನ್ನು ಎರಡು ತಿಂಗಳ ರಜೆಯ ನಂತರ ಬೇರೊಂದು ಭಾಷೆಯಲ್ಲಿ ಕೇಳಬೇಕು. 'ವೇಗೋತ್ಕರ್ಷ' ಗೊತ್ತಿರುವ ಹುಡುಗನಿಗೆ 'ಆಕ್ಸಿಲರೇಷನ್' ಹೊಸ ಪಾಠವೆಂದು ಭಾಸವಾಗುತ್ತದೆ. ತನಗೆ ಗೊತ್ತಿರುವುದೇ ಇದು ಎಂದು ಅವನಿಗೆ ತಿಳಿಯುವ ಹೊತ್ತಿಗೆ ತರಗತಿ ಮುಂದಕ್ಕೆ ಹೋಗಿರುತ್ತದೆ. ಅವನು ತನ್ನನ್ನೇ ದಡ್ಡನೆಂದು ತೀರ್ಮಾನಿಸಿಕೊಳ್ಳುತ್ತಾನೆ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ 2018ರಿಂದ ಉರ್ದುವಿನಲ್ಲೂ ಬರೆಯಬಹುದು. ಒಳ್ಳೆಯದೇ. ಆದರೆ ಪರೀಕ್ಷೆ ಕನ್ನಡದಲ್ಲಿದ್ದು, ಪಾಠವೂ ಕೋಚಿಂಗ್ ಪುಸ್ತಕವೂ ಇಂಗ್ಲಿಷಿನಲ್ಲಿದ್ದರೆ ಆ ಸೌಲಭ್ಯ ಕಾಗದದ ಮೇಲೆ ಮಾತ್ರ.

ಇಲ್ಲಿ ಬಾನು ಮುಷ್ತಾಕ್ ಅವರ ಬದುಕಿನ ಒಂದು ಸಂಗತಿ ಪ್ರಸ್ತುತ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಕನ್ನಡಕ್ಕೆ ಬಂದದ್ದು ಅವರ ಕಥೆಗಳಿಂದ. ವೇದಿಕೆಗಳಲ್ಲಿ ಈ ಪ್ರಸಂಗವನ್ನು ಪ್ರತಿಭೆಯ ವಿಜಯ ಎಂಬಂತೆ ಹೇಳುವುದುಂಟು. ಅದರಲ್ಲಿ ಇನ್ನೊಂದು ಪಾಠವಿದೆ. ಆ ಷರತ್ತು ಕಠಿಣವಾಗಿದ್ದರೂ ಪ್ರಾಮಾಣಿಕವಾಗಿತ್ತು: ಮಗುವಿಗೆ ಭಾಷೆ ಬರುವುದಿಲ್ಲ ಎಂದು ಒಪ್ಪಿಕೊಂಡಿತ್ತು, ಕಲಿಯಲು ಇಂತಿಷ್ಟು ಸಮಯ ಎಂದು ಹೇಳಿತ್ತು. ನಮ್ಮ ಪ್ರಥಮ ಪಿಯುಸಿ ವಿಜ್ಞಾನ ತರಗತಿ ಇವೆರಡನ್ನೂ ಮಾಡುವುದಿಲ್ಲ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ ಎಂಬಂತೆ ನಟಿಸುತ್ತದೆ. ಬಾರದವರು ಅಕ್ಟೋಬರ್ ಹೊತ್ತಿಗೆ ಹಿಂದಿನ ಬೆಂಚಿಗೆ, ಮಾರ್ಚ್ ಹೊತ್ತಿಗೆ ಮನೆಗೆ.

ಇನ್ನು ಕಾಗದಪತ್ರಗಳ ವಿಷಯ. ಇದು ಭಾಷಣಕ್ಕೆ ಒಗ್ಗುವ ವಿಷಯವಲ್ಲ, ಆದ್ದರಿಂದಲೇ ಯಾರೂ ಹೇಳುವುದಿಲ್ಲ. ಸಿಇಟಿ ಮೂಲಕ ಸಿಗುವ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಇದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತಾ ಬಂದಿದೆ. ಮೂರು ಶಾಲೆ ಬದಲಿಸಿದ ಮಗು ಮೂರೂ ಶಾಲೆಗಳ ದಾಖಲೆ ಹೊಂದಿಸಬೇಕು. ಸಿಇಟಿ ಅರ್ಜಿಯ ಕೊನೆಯ ವಾರದಲ್ಲಿ ಈ ಓಡಾಟ ಶುರುವಾದರೆ ಸೀಟು ಕೈತಪ್ಪುತ್ತದೆ. ಪ್ರಥಮ ಪಿಯುಸಿಯಲ್ಲಿ ಇದಕ್ಕೆ ಇಡೀ ವರ್ಷದ ಸಮಯವಿದೆ.

ನಮ್ಮ ಜಿಲ್ಲೆಯ ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು. 1986ರಲ್ಲಿ ರೂಪುಗೊಂಡ ಈ ಜಿಲ್ಲೆಯ ಹೆಸರಿನಲ್ಲಿಯೇ 'ಗ್ರಾಮಾಂತರ' ಇದೆ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಇದನ್ನು 'ಬೆಂಗಳೂರು ಉತ್ತರ' ಎಂದು ಬದಲಾಯಿಸಲು ಒಪ್ಪಿತು. ಹೆಸರು ಯಾವುದಾದರೂ ಇರಲಿ, ಗ್ರಾಮೀಣ ಮೀಸಲಾತಿಗೂ ಜಿಲ್ಲೆಯ ಹೆಸರಿಗೂ ಸಂಬಂಧವಿಲ್ಲ. ಹಳ್ಳಿಯಲ್ಲಿ ಹುಟ್ಟಿ, ಹಳ್ಳಿಯಿಂದಲೇ ದಿನವೂ ಬಸ್ಸಿನಲ್ಲಿ ಬಂದು ಹೊಸಕೋಟೆಯಲ್ಲೋ ದೊಡ್ಡಬಳ್ಳಾಪುರದಲ್ಲೋ ನಗರಸಭೆಯ ಮಿತಿಯೊಳಗಿನ ಪ್ರೌಢಶಾಲೆಯಲ್ಲಿ ಓದಿದ ಮಗುವಿಗೆ ಆ ಪ್ರಮಾಣಪತ್ರ ಸಿಗುವುದಿಲ್ಲ. ಲೆಕ್ಕಕ್ಕೆ ಬರುವುದು ಶಾಲೆ ಎಲ್ಲಿತ್ತು ಎಂಬುದು. ಏಳನೆಯ ತರಗತಿ ಮುಗಿಸಿದ ಮಗುವಿನ ತಂದೆಗೆ ಇದು ಗೊತ್ತಿದ್ದರೆ ಊರ ಹತ್ತಿರದ ಪ್ರೌಢಶಾಲೆಯ ಬಗ್ಗೆ ಎರಡು ಸಲ ಯೋಚಿಸುತ್ತಿದ್ದ.

ಮುಸ್ಲಿಂ ಕುಟುಂಬಗಳಿಗೆ ಇನ್ನೂ ಒಂದು ತೊಡಕಿದೆ: ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮಹಮದ್, ಬ್ಯಾಂಕ್ ಪುಸ್ತಕದಲ್ಲಿ ಎಂ.ಡಿ. ತಾಯಿಯ ಹೆಸರಿನ ಮುಂದೆ ಒಂದು ಕಡೆ ಬೇಗಂ, ಇನ್ನೊಂದು ಕಡೆ ಬಾನು, ಮತ್ತೊಂದು ಕಡೆ ಏನೂ ಇಲ್ಲ. ವಿದ್ಯಾರ್ಥಿವೇತನದ ಅರ್ಜಿ ತಿರಸ್ಕಾರವಾಗಲು ಇಷ್ಟು ಸಾಕು. ಪ್ರವರ್ಗ 2ಬಿ ಅಡಿಯಲ್ಲಿ ಇರುವ ಶೇ 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಅಂದಿನ ಸರ್ಕಾರ ರದ್ದು ಮಾಡಲು ಹೊರಟಾಗ ನಾವೆಲ್ಲ ಬೀದಿಗಿಳಿದೆವು, ಲೇಖನ ಬರೆದೆವು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಯಾಗದೆ ಉಳಿಯಿತು. ಹೋರಾಡಿ ಉಳಿಸಿಕೊಂಡ ಹಕ್ಕು ನಾಡಕಚೇರಿಯಿಂದ ಪ್ರಮಾಣಪತ್ರವನ್ನು ಸಕಾಲದಲ್ಲಿ ತಂದಿಡದ ಕಾರಣಕ್ಕೆ ವ್ಯರ್ಥವಾದರೆ ಅದಕ್ಕೆ ಯಾರನ್ನು ದೂರುವುದು?

ಶಿಬಿರಗಳು ಮುಟ್ಟದ ಇನ್ನೊಂದು ಸಂಗತಿ ಕಣ್ಣೆದುರಿಗೇ ಇರುವ ದುಡಿಮೆಯ ಲೋಕ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ನಂತರ ಏರೋಸ್ಪೇಸ್ ಪಾರ್ಕ್ ಬಂತು, ಐಫೋನ್ ತಯಾರಿಸುವ ಫಾಕ್ಸ್‌ಕಾನ್ ಬಂತು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಜೊತೆಗೆ ಸಿದ್ಧ ಉಡುಪು ಕಾರ್ಖಾನೆಗಳು, ನೆಲಮಂಗಲದ ಹೆದ್ದಾರಿಯುದ್ದಕ್ಕೂ ಗೋದಾಮುಗಳು. ಹದಿನೆಂಟು ತುಂಬಿದ ಹುಡುಗ ಹುಡುಗಿಯರಿಗೆ ತಿಂಗಳ ಸಂಬಳ ಮನೆ ಬಾಗಿಲಲ್ಲೇ ಕಾಯುತ್ತಿದೆ. ಬಡ ಮನೆಯ ಮಗು ಆ ಸಂಬಳವನ್ನು ಆರಿಸಿಕೊಂಡರೆ ತಪ್ಪೆನ್ನುವ ಅಧಿಕಾರ ನಮಗಿಲ್ಲ. ಆದರೆ ಪಿಯುಸಿ ಅರ್ಧಕ್ಕೆ ಬಿಟ್ಟು ಸೇರುವವನಿಗೂ, ಡಿಪ್ಲೊಮಾ ಮುಗಿಸಿ ಸೇರುವವನಿಗೂ, ಪದವಿ ಮುಗಿಸಿ ಸೇರುವವನಿಗೂ ಹತ್ತು ವರ್ಷದ ನಂತರ ಏನು ವ್ಯತ್ಯಾಸವಾಗುತ್ತದೆ ಎಂದು ಅವನಿಗೆ ತಿಳಿಸಿ ಹೇಳುವ ಹೊಣೆ ನಮ್ಮದು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿ 2025ರ ಜುಲೈ 15ರಂದು ಗೆದ್ದರು. ಭೂಮಿ ಕೊಟ್ಟರೆ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂಬುದು ಇಂಥ ಎಲ್ಲ ಸ್ವಾಧೀನಗಳ ಹಳೆಯ ಆಶ್ವಾಸನೆ. ಕೆಲಸ ಎಂದರೆ ಯಾವ ಕೆಲಸ ಎಂಬುದನ್ನು ಮಗುವಿನ ಕೈಯಲ್ಲಿರುವ ಪ್ರಮಾಣಪತ್ರ ನಿರ್ಧರಿಸುತ್ತದೆ: ಯಂತ್ರದ ಮುಂದೆ ನಿಲ್ಲುವ ಕೆಲಸವೋ, ಗೇಟಿನ ಮುಂದೆ ನಿಲ್ಲುವ ಕೆಲಸವೋ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಪ್ರಥಮ ಪಿಯುಸಿ ಇನ್ನಷ್ಟು ನಿರ್ಣಾಯಕ. ಸಾರಾ ಅಬೂಬಕ್ಕರ್ ಕಾಸರಗೋಡಿನ ತಮ್ಮ ಸಮುದಾಯದಲ್ಲಿ ಶಾಲಾ ಶಿಕ್ಷಣ ಮುಗಿಸಿದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಮುಂದೆ ಓದುವ ಆಸೆ ಈಡೇರಲಿಲ್ಲ. ಗ್ರಂಥಾಲಯದ ಸದಸ್ಯತ್ವ ಅವರಿಗೆ ಸಿಕ್ಕಿದ್ದು 1963ರಲ್ಲಿ. ಅದೇ ಗ್ರಂಥಾಲಯದ ಓದು 'ಚಂದ್ರಗಿರಿಯ ತೀರದಲ್ಲಿ'ಯ ಲೇಖಕಿಯನ್ನು ಬೆಳೆಸಿತು ಎಂದು ನಾವು ಹೆಮ್ಮೆಪಡಬಹುದು. ಆದರೆ ಎಲ್ಲರೂ ಸಾರಾ ಆಗುವುದಿಲ್ಲ. ನಿಂತುಹೋದ ಓದು ಬಹುಪಾಲು ಹೆಣ್ಣುಮಕ್ಕಳ ಬದುಕಿನಲ್ಲಿ ನಿಂತೇ ಹೋಗುತ್ತದೆ. 2006ರ ಸಾಚಾರ್ ವರದಿ 2001ರ ಜನಗಣತಿಯನ್ನು ಆಧರಿಸಿ ಹೇಳಿದಂತೆ, 20 ದಾಟಿದ ಭಾರತೀಯರಲ್ಲಿ ಸುಮಾರು ಶೇ 7 ಮಂದಿ ಪದವಿ ಅಥವಾ ಡಿಪ್ಲೊಮಾ ಪಡೆದಿದ್ದರೆ ಮುಸ್ಲಿಮರಲ್ಲಿ ಅದು ಶೇ 4ಕ್ಕಿಂತ ಕಡಿಮೆ ಇತ್ತು. ಈ ಅಂತರ ಪದವಿ ಕಾಲೇಜಿನ ಬಾಗಿಲಲ್ಲಿ ಒಂದೇ ದಿನ ಹುಟ್ಟಿದ್ದಲ್ಲ. ಅದಕ್ಕಿಂತ ಮುಂಚಿನ ತರಗತಿಗಳಲ್ಲಿ ಒಬ್ಬೊಬ್ಬರಾಗಿ ಕಳಚಿಕೊಂಡವರ ಲೆಕ್ಕ ಅದು.

2021ರ ಕೊನೆಗೆ ಉಡುಪಿಯ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪುಗಳವರೆಗೆ ಸಾಗಿತು. ಆ ತಿಂಗಳುಗಳಲ್ಲಿ ತರಗತಿಯ ಹೊರಗೆ ನಿಂತದ್ದು ಇದೇ ವಯಸ್ಸಿನ ಹುಡುಗಿಯರು. ಅವರನ್ನು ಹೊರಗೆ ನಿಲ್ಲಿಸಿದವರನ್ನು ಪ್ರಶ್ನಿಸಿದ್ದು ಸರಿ. ಅದೇ ದನಿಯಲ್ಲಿ, ದೂರವಾಗುತ್ತದೆ, ಕತ್ತಲಾಗುತ್ತದೆ, ಸಂಬಂಧ ಬಂದಿದೆ ಎಂದು ಮಗಳನ್ನು ಒಳಗೆ ನಿಲ್ಲಿಸುವ ನಮ್ಮ ಮನೆಗಳನ್ನೂ ಪ್ರಶ್ನಿಸಬೇಕಲ್ಲವೇ? 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಬಸ್ಸಿನ ಖರ್ಚಿನ ನೆಪವನ್ನಂತೂ ತೆಗೆದುಹಾಕಿದೆ. ಉಳಿದ ನೆಪಗಳನ್ನು ತೆಗೆಯಬೇಕಾದವರು ಮೊಹಲ್ಲಾದ ಹಿರಿಯರೇ.

'ಏನೂ ಇಲ್ಲದ್ದಕ್ಕಿಂತ ಒಂದು ದಿನದ ಶಿಬಿರವಾದರೂ ವಾಸಿಯಲ್ಲವೇ?' ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಸನ್ಮಾನದಿಂದ ಸ್ಫೂರ್ತಿ ಪಡೆದ ಮಕ್ಕಳಿದ್ದಾರೆ. ದಾನಿಗಳನ್ನು ಒಂದೆಡೆ ಸೇರಿಸಲು ಸಭೆ ಬೇಕು. ತೊಂದರೆ ಏನೆಂದರೆ, ಶಿಬಿರ ಮುಗಿದ ಕೂಡಲೇ ಕರ್ತವ್ಯವೂ ಮುಗಿಯಿತೆಂಬ ತೃಪ್ತಿ ನಮ್ಮಲ್ಲಿ ಮೂಡುತ್ತದೆ. ಆ ತೃಪ್ತಿಯೇ ಉಳಿದ ಹನ್ನೊಂದು ತಿಂಗಳ ಮೌನಕ್ಕೆ ಪರವಾನಗಿ ಕೊಡುತ್ತದೆ.

ಶಿಬಿರಕ್ಕೆ ತಗಲುವ ಶಾಮಿಯಾನ, ಫ್ಲೆಕ್ಸ್, ಊಟದ ಖರ್ಚಿನಲ್ಲಿ ಅರ್ಧವನ್ನಾದರೂ ಬೇರೆ ರೀತಿ ಬಳಸಲು ಸಾಧ್ಯ. ಜೂನ್‌ನಲ್ಲಿ ಪ್ರಥಮ ಪಿಯುಸಿ ಸೇರಿದ ಮಕ್ಕಳ ಪಟ್ಟಿ ಮಾಡಬೇಕು, ಅಂಕಪಟ್ಟಿ ನೋಡದೆ ಎಲ್ಲರದ್ದೂ. ಆರಿಸಿಕೊಂಡ ಸಂಯೋಜನೆ ಹೊಂದುತ್ತಿಲ್ಲವೆಂದು ಮೊದಲ ಕೆಲವು ವಾರಗಳಲ್ಲೇ ಗೊತ್ತಾದರೆ ಬದಲಾಯಿಸಿಕೊಳ್ಳಲು ಅವಕಾಶವಿರುತ್ತದೆ. ಆಗಸ್ಟ್ ದಾಟಿದರೆ ಕಷ್ಟ. ಜುಲೈಯಿಂದ ಡಿಸೆಂಬರ್‌ವರೆಗೆ ವಾರಕ್ಕೆ ಎರಡು ಸಂಜೆ ಭಾಷೆ ಮತ್ತು ಗಣಿತ. ಕಲಿಸಲು ದೊಡ್ಡ ವಿದ್ವಾಂಸರು ಬೇಡ, ಅದೇ ಊರಿನ ಪದವಿ ಓದುತ್ತಿರುವ ಹುಡುಗ ಹುಡುಗಿಯರು ಸಾಕು. ಐದು ಮಕ್ಕಳಿಗೆ ಒಬ್ಬರಂತೆ. ಅವರಿಗೆ ಒಂದಿಷ್ಟು ಗೌರವಧನ ಕೊಟ್ಟರೆ ಅವರ ಓದಿಗೂ ನೆರವಾದೀತು. ಜನವರಿಯೊಳಗೆ ಪ್ರತಿಯೊಂದು ಮಗುವಿನ ಕಾಗದಪತ್ರಗಳ ಕಡತ ಸಿದ್ಧವಾಗಬೇಕು: ಜಾತಿ ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಒಂದೇ ಅಕ್ಷರದ ಹೆಸರು. ತರಗತಿಗೆ ಶೇ 75 ಹಾಜರಾತಿ ಕಡ್ಡಾಯವೆಂಬುದನ್ನು ತಂದೆತಾಯಿಗಳಿಗೆ ತಿಳಿಸಬೇಕು. ಮದುವೆ, ಊರಹಬ್ಬಗಳ ನೆಪದಲ್ಲಿ ತಪ್ಪಿದ ತರಗತಿಗಳು ಸೇರಿ ಪರೀಕ್ಷೆಗೇ ಕುತ್ತು ತಂದ ಉದಾಹರಣೆಗಳು ಕಡಿಮೆಯಿಲ್ಲ. ಮಾರ್ಚ್‌ನಲ್ಲಿ ಪ್ರಥಮ ಪಿಯುಸಿ ಮುಗಿದ ಮೇಲೆ ಸಿಗುವ ಎರಡು ತಿಂಗಳು, ಬಿಟ್ಟುಹೋದ ಪಾಠಗಳನ್ನು ತುಂಬಿಕೊಳ್ಳಲು ಸಿಗುವ ಕೊನೆಯ ಬಿಡುವು.

ಇದರಲ್ಲಿ ಯಾವುದೂ ಮುಸ್ಲಿಂ ಮಕ್ಕಳಿಗೆ ಮಾತ್ರ ಬೇಕಾದದ್ದಲ್ಲ. ಚನ್ನರಾಯಪಟ್ಟಣದ ರೈತನ ಮಗನಿಗೆ, ದೊಡ್ಡಬಳ್ಳಾಪುರದ ನೇಕಾರನ ಮಗಳಿಗೆ, ನೆಲಮಂಗಲದ ಗೋದಾಮಿನ ಹಮಾಲಿಯ ಮಕ್ಕಳಿಗೆ ಬೇಕಾದದ್ದೂ ಇದೇ. ಪಟ್ಟಿ ಮಾಡುವಾಗ ಪಕ್ಕದ ಬೀದಿಯನ್ನೂ ಸೇರಿಸಿಕೊಂಡರೆ ಕೆಲಸ ಹೆಚ್ಚಾಗುವುದು ಸ್ವಲ್ಪ, ಊರು ಒಂದಾಗುವುದು ಹೆಚ್ಚು.

ಸರ್ಕಾರದ ಹೊಣೆಯನ್ನು ಇದು ಕಡಿಮೆ ಮಾಡುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ತೇರ್ಗಡೆಯ ಕನಿಷ್ಠ ಮಿತಿಯನ್ನು ಶೇ 35ರಿಂದ 33ಕ್ಕೆ ಇಳಿಸುವ ನಿರ್ಧಾರ ಪ್ರಕಟವಾಯಿತು. 2023–24ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶವಿದೆ. ಎಡವಿದ ಮಗುವಿಗೆ ಇವು ಆಸರೆಯಾಗುತ್ತವೆ, ಸಂದೇಹವಿಲ್ಲ. ಆದರೆ ಇವೆಲ್ಲವೂ ವರ್ಷದ ಕೊನೆಯಲ್ಲಿ ಮಾಡುವ ದುರಸ್ತಿಗಳು. ಜೂನ್ ಒಂದನೆಯ ತಾರೀಕಿಗೆ ಉಪನ್ಯಾಸಕರು ತರಗತಿಯಲ್ಲಿರಬೇಕು, ಪ್ರಥಮ ಪಿಯುಸಿಗೆ ಭಾಷಾ ಸೇತುಬಂಧ ಬೇಕು ಎಂದು ಒತ್ತಾಯಿಸುವ ಮನವಿಪತ್ರವನ್ನು ನಮ್ಮ ಸಂಘಟನೆಗಳು ಶಾಸಕರ ಕೈಗೆ ಕೊಟ್ಟದ್ದು ಎಷ್ಟು ಸಲ? ಅದೇ ಶಾಸಕರನ್ನು ಟ್ರೋಫಿ ಕೊಡಲು ಕರೆದದ್ದು ಎಷ್ಟು ಸಲ? ಈ ಎರಡು ಅಂಕೆಗಳನ್ನು ಪ್ರತಿ ಸಂಘಟನೆಯೂ ತನ್ನ ವಾರ್ಷಿಕ ವರದಿಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಲಿ.